ಪೈಪಿನಿಂದ ಕೀವು ನಿಂತರೆ ವಾಸಿಯಾದಂತೆಯೇ? ಲಿವರ್ ಕೀವುಗಡ್ಡೆಯ ಬಗ್ಗೆ ಒಂದು ಉತ್ತರ

ಪ್ರಶ್ನೆ: ನಾನು ವಾಸ್ಕೋ ಪಕ್ಕದ ಝುವಾರಿ ನಗರದಲ್ಲಿ ನರ್ಸ್. ನಾನು ನೋಡುವವರಲ್ಲಿ ಬಹಳ ಮಂದಿ ಕೊಪ್ಪಳ, ಗದಗ, ವಿಜಯಪುರ ಕಡೆಯಿಂದ ಬಂದ ಕೂಲಿ ಕುಟುಂಬದವರು. ಲೋಡಿಂಗ್ ಕೆಲಸದ 42 ವರ್ಷದ ಒಬ್ಬರಿಗೆ ಮೂರು ವಾರ ಜ್ವರವಿತ್ತು. ಎರಡು ಸಲ ಟೈಫಾಯ್ಡ್ ಎಂದು ಔಷಧಿ ಆಯಿತು. ಕೊನೆಗೆ ಸೋನೋಗ್ರಫಿ ಮಾಡಿದಾಗ ಲಿವರ್‌ನ ಬಲಭಾಗದಲ್ಲಿ 9 ಸೆಂ.ಮೀ. ಕೀವುಗಡ್ಡೆ ಕಂಡಿತು. ಆಸ್ಪತ್ರೆಯಲ್ಲಿ ಪೈಪ್ ಹಾಕಿ, ಎಂಟು ದಿನ ಇಟ್ಟುಕೊಂಡು, ಪೈಪ್ ಸಮೇತ ಮನೆಗೆ ಕಳಿಸಿದ್ದಾರೆ. ದಿನಕ್ಕೆ 120 ಮಿ.ಲೀ. ಬರುತ್ತಿದ್ದ ಕೀವು ಎರಡು ದಿನದಿಂದ ಪೂರ್ತಿ ನಿಂತಿದೆ. ಸಂಜೆಯಾದರೆ ಮೈ ಬಿಸಿ. ಪೈಪ್ ತೆಗೆಸಬಹುದೇ? ಅವರು ಊರಿಗೆ ಹೋಗುತ್ತೇನೆ ಎನ್ನುತ್ತಿದ್ದಾರೆ, ಕಳಿಸಬಹುದೇ? ಇಂಥವರನ್ನು ಮೊದಲೇ ಗುರುತಿಸುವುದು ಹೇಗೆ, ಕೈಯಲ್ಲಿ ದುಡ್ಡಿಲ್ಲದವರಿಗೆ ಯಾವ ಪರೀಕ್ಷೆ ಸಾಕು, ಔಷಧಿ ಎಷ್ಟು ದಿನ?

ಉತ್ತರ: ಸಿಸ್ಟರ್, ಮೊದಲು ನಿಮ್ಮ ರೋಗಿಯ ಮಾತು. ಆ ಪೈಪ್ ತೆಗೆಸಬೇಡಿ. ವಾಸಿಯಾಗುವ ಗಡ್ಡೆಯ ಕೀವು ಮೆಟ್ಟಿಲು ಇಳಿದ ಹಾಗೆ ಇಳಿಯುತ್ತದೆ: 120, 80, 50, 25, 10. ಅದರ ಜೊತೆಗೇ ಜ್ವರ ಬಿಡುತ್ತದೆ, ಊಟ ಸೇರತೊಡಗುತ್ತದೆ. 120ರಿಂದ ಒಮ್ಮೆಗೇ ಸೊನ್ನೆಗೆ ಬಂದು, ಸಂಜೆ ಮೈ ಬಿಸಿಯಾಗುತ್ತಿದ್ದರೆ ಪೈಪ್ ಕಟ್ಟಿಕೊಂಡಿದೆ ಎಂದೇ ತಿಳಿಯಬೇಕು. ಕೀವು ನಿಂತಿಲ್ಲ, ಒಳಗೇ ತುಂಬುತ್ತಿದೆ.

ಇವತ್ತೇ ಹೋಗಿ ನೋಡಿ. ಚೀಲದಿಂದ ಶುರು ಮಾಡಿ ಮೈಯ ಕಡೆಗೆ ಬನ್ನಿ. ಚೀಲ ಸೊಂಟಕ್ಕಿಂತ ಮೇಲೆ, ಹಾಸಿಗೆಯ ಮೇಲೆ ಬಿದ್ದಿದೆಯೇ? ಪೈಪ್ ಲುಂಗಿಯ ಗಂಟಿನಡಿ ಮಡಚಿದೆಯೇ? ಮಧ್ಯದಲ್ಲಿ ಮೂರು ದಾರಿಯ ಪುಟ್ಟ ನಲ್ಲಿ ಇರುತ್ತದಲ್ಲ, ಸಾಮಾನ್ಯವಾಗಿ ಅದರ 'ಆಫ್' ಹಿಡಿ ಯಾವ ಕಡೆ ತಿರುಗಿದೆಯೋ ಆ ಕಡೆಯ ದಾರಿ ಮುಚ್ಚಿರುತ್ತದೆ. ಸ್ನಾನ ಮಾಡುವಾಗಲೋ ಚೀಲ ಖಾಲಿ ಮಾಡುವಾಗಲೋ ಮನೆಯವರು ತಿರುಗಿಸಿ ಹಾಗೆಯೇ ಬಿಟ್ಟಿರುವುದು ತೀರಾ ಸಾಮಾನ್ಯ. ಇದೆಲ್ಲ ಸರಿಯಿದ್ದರೆ ಬ್ಯಾಂಡೇಜ್ ಬಿಚ್ಚಿ, ಚರ್ಮದಿಂದ ಹೊರಗೆ ಎಷ್ಟು ಉದ್ದದ ಪೈಪ್ ಇದೆ ಎಂದು ಅಳೆಯಿರಿ. ಡಿಸ್ಚಾರ್ಜ್ ದಿನ ಇದ್ದದ್ದಕ್ಕಿಂತ ಎರಡು ಮೂರು ಸೆಂ.ಮೀ. ಹೆಚ್ಚಾಗಿದ್ದರೆ ಅದು ಜಾರಿದೆ. ನೀವಾಗಿ ಒಳಗೆ ತಳ್ಳಲು ಹೋಗಬೇಡಿ. ಜಾರಿಲ್ಲವಾದರೆ, ಆಸ್ಪತ್ರೆಯವರು ನಿಮಗೆ ತೊಳೆಯಲು ಹೇಳಿದ್ದರೆ, ಕೈ ತೊಳೆದು, ಹೊಸ ಸಿರಿಂಜಿನಲ್ಲಿ 10 ಮಿ.ಲೀ. ಸ್ಟೆರೈಲ್ ನಾರ್ಮಲ್ ಸಲೈನ್ ತುಂಬಿ ನಿಧಾನವಾಗಿ ಒಳಗೆ ಬಿಡಿ. ಸರಾಗವಾಗಿ ಹೋಗದಿದ್ದರೆ ಅಥವಾ ಅವರು ನೋವೆಂದರೆ ಅಲ್ಲಿಗೇ ನಿಲ್ಲಿಸಿ. ಹೋಗಿ, ಸಿರಿಂಜ್ ಹಿಂದಕ್ಕೆ ಎಳೆದಾಗ ಕೀವಿನ ಗಸಿ ಬಂದರೆ ದಾರಿ ತೆರೆಯಿತು. ತೆರೆದರೂ ತೆರೆಯದಿದ್ದರೂ ಜ್ವರವಿದೆಯೆಂದ ಮೇಲೆ ಇಂದೇ ಪೈಪ್ ಹಾಕಿದ ಆಸ್ಪತ್ರೆಗೆ ಕಳಿಸಿ, ಇನ್ನೊಂದು ಸೋನೋಗ್ರಫಿ ಆಗಲೇಬೇಕು. ಗಡ್ಡೆಯಲ್ಲಿ ಕೀವು ಉಳಿದಿದ್ದರೆ ಪೈಪ್ ಬದಲಿಸಬೇಕಾಗುತ್ತದೆ. ಕೀವು ಗಂಜಿಯಂತೆ ದಪ್ಪಗಿದ್ದರೆ 8 ಫ್ರೆಂಚ್ ಅಳತೆಯ ಸಣ್ಣ ಪೈಪ್ ಬೇಗ ಕಟ್ಟುತ್ತದೆ, 12 ಅಥವಾ 14 ಬೇಕು.

ಈ ರೋಗದಲ್ಲಿ ಜೀವ ಹೋಗುವುದು ದೊಡ್ಡ ಯಂತ್ರ ಇಲ್ಲವೆಂದಲ್ಲ. ಸೋನೋಗ್ರಫಿ ಎರಡು ವಾರ ತಡವಾದದ್ದಕ್ಕೆ, ತೆಗೆದ ಕೀವನ್ನು ಲ್ಯಾಬಿಗೆ ಕಳಿಸದೆ ಚೆಲ್ಲಿದ್ದಕ್ಕೆ, ಮನೆಗೆ ಹೋದ ಮೇಲೆ ಪೈಪನ್ನೂ ಗುಳಿಗೆಯನ್ನೂ ನೋಡುವವರಿಲ್ಲದ್ದಕ್ಕೆ. ಮೂರೂ ನಿಮ್ಮಂಥವರ ಕೈಗೆ ಎಟಕುವ ಕೆಲಸ. ಅದಕ್ಕೇ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ.

ಕರುಳಿನ ರಕ್ತವೆಲ್ಲ ಪೋರ್ಟಲ್ ರಕ್ತನಾಳದ ಮೂಲಕ ಮೊದಲು ಲಿವರ್‌ಗೇ ಬರುತ್ತದೆ. ಕರುಳಿನಲ್ಲಿ, ಅಪೆಂಡಿಕ್ಸಿನಲ್ಲಿ ಸೋಂಕಿದ್ದರೆ ಬ್ಯಾಕ್ಟೀರಿಯಾ ಅದೇ ದಾರಿಯಲ್ಲಿ ಬಂದು ನೆಲೆಯೂರುತ್ತವೆ. ಪಿತ್ತನಾಳದಲ್ಲಿ ಕಲ್ಲು ಸಿಕ್ಕಿ ಪಿತ್ತ ನಿಂತರೆ ಅಲ್ಲಿಂದಲೂ ಹತ್ತುತ್ತವೆ. ಎಷ್ಟೋ ಸಲ ಮೂಲ ಸಿಗುವುದೇ ಇಲ್ಲ. ಹೆಚ್ಚಾಗಿ ಕಾಣುವವು ಕ್ಲೆಬ್ಸಿಯೆಲ್ಲಾ, ಈ. ಕೋಲೈ, ಸ್ಟ್ರೆಪ್ಟೊಕಾಕಸ್‌ನ ಕೆಲವು ಜಾತಿಗಳು ಮತ್ತು ಆಮ್ಲಜನಕವಿಲ್ಲದೆ ಬದುಕುವ ಬ್ಯಾಕ್ಟೀರಿಯಾಗಳು. ಇವಲ್ಲದೆ ನಮ್ಮ ದೇಶದಲ್ಲಿ ಅಮೀಬಾದಿಂದಾಗುವ ಗಡ್ಡೆ ಬಹಳ. ಹೊಲಸು ನೀರು ಅದರ ದಾರಿ, ಕುಡಿತವಿರುವ ನಡುವಯಸ್ಸಿನ ಗಂಡಸರಲ್ಲಿ ಹೆಚ್ಚು. ಸಕ್ಕರೆ ಕಾಯಿಲೆ ಇರುವವರಲ್ಲಿ ಬ್ಯಾಕ್ಟೀರಿಯಾದ ಗಡ್ಡೆ ಹೆಚ್ಚು, ಮತ್ತು ಎಷ್ಟೋ ಮಂದಿಗೆ ಸಕ್ಕರೆ ಇದೆಯೆಂದು ಗೊತ್ತಾಗುವುದೇ ಈ ಗಡ್ಡೆಯಿಂದ.

ಗುರುತಿಸುವುದಕ್ಕೆ ಬರೋಣ. ಉತ್ತರ ಕರ್ನಾಟಕದ ನಮ್ಮ ಜನ ಈ ನೋವನ್ನು ಹೇಳುವ ಮಾತುಗಳೇ ಬೇರೆ. 'ಥಂಡಿ ಹತ್ತಿ ಜ್ವರ ಬರ್ತಾವ್ರೀ', 'ಬಲಗಡೆ ಪಕ್ಕಡಿ ಹಿಡದೈತ್ರೀ', 'ಉಸುರು ಎಳದ್ರ ಚುಚ್ಚತೈತಿ', 'ಹೆಗಲು ನೋಯ್ತೈತಿ', 'ಊಟ ಸೇರವಲ್ದು'. ಭಾರ ಹೊರುವ ಮನುಷ್ಯ ಹೆಗಲು ನೋವು ಎಂದರೆ ಯಾರೂ ಲಿವರ್ ನೆನೆಯುವುದಿಲ್ಲ. ಆದರೆ ಲಿವರ್‌ನ ಮೇಲ್ಭಾಗ ವಪೆಗೆ, ಅಂದರೆ ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುವಿನ ಪರದೆಗೆ ತಾಗಿದೆ, ವಪೆಯ ನರ ಕತ್ತಿನಿಂದ ಇಳಿದು ಬರುತ್ತದೆ, ಆದ್ದರಿಂದ ಅಲ್ಲಿ ಬಾವು ಬಂದರೆ ನೋವು ಬಲ ಹೆಗಲಿನಲ್ಲಿ ಕಾಣುತ್ತದೆ. ಒಣಕೆಮ್ಮು, ಬಿಕ್ಕಳಿಕೆ ಬರುವುದೂ ಇದೇ ಕಾರಣಕ್ಕೆ. ಕಣ್ಣು ಹಳದಿಯಾಗಲೇಬೇಕೆಂದಿಲ್ಲ. ಕಾಮಾಲೆ ಇಲ್ಲ, ಹಾಗಾಗಿ ಲಿವರ್ ಸರಿಯಿದೆ ಎಂಬ ಲೆಕ್ಕ ತಪ್ಪು.

ನಿಮ್ಮ ಬೆರಳೇ ಸಾಕಾಗುವ ಒಂದು ಪರೀಕ್ಷೆಯಿದೆ. ರೋಗಿಯನ್ನು ಅಂಗಾತ ಮಲಗಿಸಿ, ಬಲಗೈ ತಲೆಯ ಮೇಲಿಡಲು ಹೇಳಿ. ಕಂಕುಳಿನಿಂದ ನೇರ ಕೆಳಗೆ ಬಂದು, ಕೊನೆಯ ನಾಲ್ಕೈದು ಪಕ್ಕೆಲುಬುಗಳ ನಡುವಿನ ಸಂದುಗಳಲ್ಲಿ ಒಂದೊಂದಾಗಿ ಬೆರಳ ತುದಿಯಿಂದ ಒತ್ತುತ್ತಾ ಹೋಗಿ. ಎಲುಬಿನ ಮೇಲಲ್ಲ, ಸಂದಿನಲ್ಲಿ. ಎಡಗಡೆ ಅದೇ ಜಾಗ ಒತ್ತಿ ಹೋಲಿಸಿ. ಕೀವುಗಡ್ಡೆಯಿದ್ದರೆ ಒಂದು ನಿರ್ದಿಷ್ಟ ಸಂದಿನಲ್ಲಿ ಒತ್ತಿದಾಗ ಮನುಷ್ಯ ಮುಖ ಕಿವುಚಿ ನಿಮ್ಮ ಕೈ ಹಿಡಿದುಬಿಡುತ್ತಾನೆ. ಮೈಕೈ ನೋವಿಗೆ ಹಾಗಾಗುವುದಿಲ್ಲ. ಈ ಗುರುತು ಸಿಗದಿದ್ದರೆ ಗಡ್ಡೆ ಇಲ್ಲವೆಂದು ಹೇಳಲಾಗದು, ಆಳದಲ್ಲಿದ್ದರೆ ಸಿಗುವುದಿಲ್ಲ. ಸಿಕ್ಕರೆ ಮಾತ್ರ ಒಂದು ದಿನವೂ ಕಾಯಬೇಡಿ.

ನಾನು ಹೇಳುವ ನಿಯಮ ಒಂದೇ: ಜ್ವರ ಏಳು ದಿನ ದಾಟಿದರೆ ಹೊಟ್ಟೆಯ ಸೋನೋಗ್ರಫಿ. ಬಲ ಪಕ್ಕೆ ನೋವು ಅಥವಾ ಸಕ್ಕರೆ ಕಾಯಿಲೆ ಇದ್ದರೆ ಏಳು ದಿನವೂ ಬೇಡ, ಮೂರನೇ ದಿನವೇ. ಮಳೆಗಾಲದ ಗೋವಾದಲ್ಲಿ ಮಲೇರಿಯಾ, ಡೆಂಗಿ, ಇಲಿಜ್ವರ ನೋಡುವುದು ಸರಿಯೇ, ಆ ಪರೀಕ್ಷೆಗಳೂ ಆಗಲಿ. ತೊಂದರೆ ಕೊಡುವುದು ಟೈಫಾಯ್ಡ್‌ಗೆಂದು ಮಾಡುವ ವಿಡಾಲ್ ರಕ್ತಪರೀಕ್ಷೆ. ಟೈಫಾಯ್ಡ್ ಸದಾ ಸುಳಿದಾಡುವ ಊರುಗಳಲ್ಲಿ ಬೆಳೆದವರ ರಕ್ತದಲ್ಲಿ ಒಂದು ಸಲದ ವಿಡಾಲ್ ಪಾಸಿಟಿವ್ ಬರುವುದು ದೊಡ್ಡ ವಿಷಯವಲ್ಲ. ಅದನ್ನು ನಂಬಿ ಐದು ದಿನ ಇಂಜೆಕ್ಷನ್ ಕೊಟ್ಟರೆ ಕೀವುಗಡ್ಡೆಯ ಜ್ವರವೂ ಸ್ವಲ್ಪ ತಗ್ಗುತ್ತದೆ, ನಿಲ್ಲಿಸಿದ ವಾರಕ್ಕೆ ಮತ್ತೆ ಏರುತ್ತದೆ, 'ಟೈಫಾಯ್ಡ್ ಮರಳಿತು' ಎಂದು ಇನ್ನೊಂದು ಸುತ್ತು ಆಗುತ್ತದೆ. ನಿಮ್ಮ ರೋಗಿಗೆ ಆದದ್ದು ಹೀಗೆಯೇ ಇರಬೇಕು. ಇನ್ನೂ ಕೆಟ್ಟದ್ದು ಸಲೈನ್ ಹಚ್ಚಿ ಅದರಲ್ಲಿ ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್ ಬೆರೆಸುವುದು. ಎರಡು ದಿನ ಜ್ವರ ಮಾಯ, ಹಸಿವು ವಾಪಸ್, ರೋಗಿಗೆ ಖುಷಿ. ಒಳಗೆ ಸೋಂಕು ಹಬ್ಬುತ್ತದೆ, ಸಕ್ಕರೆ ಗಗನಕ್ಕೇರುತ್ತದೆ. ಮೈಯಲ್ಲಿ ನೀರು ಒಣಗಿದವರಿಗೆ ನೋವಿನ ಡೈಕ್ಲೋಫೆನಾಕ್ ಸೂಜಿ ಕೊಡುವುದರಿಂದ ಮೂತ್ರಪಿಂಡಕ್ಕೆ ಪೆಟ್ಟು. ಜ್ವರಕ್ಕೆ ಪ್ಯಾರಾಸಿಟಮಾಲ್ 500 ಮಿ.ಗ್ರಾಂ. ಗುಳಿಗೆ ದಿನಕ್ಕೆ ನಾಲ್ಕು ಮೀರದಂತೆ ಸಾಕು.

ಕ್ಷಯದ ಗೊಂದಲವೂ ಆಗುತ್ತದೆ. ತೂಕ ಇಳಿದಿದೆ, ಸಂಜೆ ಜ್ವರ, ಎಕ್ಸ್-ರೇಯಲ್ಲಿ ಬಲ ಶ್ವಾಸಕೋಶದ ಬುಡದಲ್ಲಿ ನೀರು. ಲಿವರ್ ಮೇಲಿನ ಬಾವಿಗೆ ಎದೆಗೂಡಿನಲ್ಲಿ ಹೀಗೆ ನೀರು ಸೇರುವುದುಂಟು. ಬಲ ವಪೆ ಮೇಲಕ್ಕೆ ಎದ್ದಿದ್ದರೆ ಕ್ಷಯದ ಗುಳಿಗೆ ಶುರುಮಾಡುವ ಮೊದಲು ಹೊಟ್ಟೆ ನೋಡಲೇಬೇಕು.

ಕಡಿಮೆ ದುಡ್ಡಿನಲ್ಲಿ ಯಾವುದು ಸಾಕು ಎಂದು ಕೇಳಿದ್ದೀರಿ. ಸೋನೋಗ್ರಫಿ, ಸಿಬಿಸಿ (ರಕ್ತಕಣಗಳ ಎಣಿಕೆ), ರಕ್ತದ ಸಕ್ಕರೆ, ಮೂತ್ರಪಿಂಡ ನೋಡುವ ಕ್ರಿಯಾಟಿನಿನ್, ಲಿವರ್ ಪರೀಕ್ಷೆ, ಸೂಜಿ ಹಾಕುವ ಮುನ್ನ ರಕ್ತ ಹೆಪ್ಪುಗಟ್ಟುವ ಪಿ.ಟಿ.-ಐ.ಎನ್.ಆರ್., ಬ್ಲಡ್ ಕಲ್ಚರ್ ಮತ್ತು ಕೀವಿನ ಕಲ್ಚರ್ (ಬ್ಯಾಕ್ಟೀರಿಯಾ ಬೆಳೆಸಿ, ಅದು ಯಾವ ಔಷಧಿಗೆ ಬಗ್ಗುತ್ತದೆ ಎಂದು ನೋಡುವ ಪರೀಕ್ಷೆ). ಲಿವರ್ ಪರೀಕ್ಷೆಯಲ್ಲಿ ನೋಡಬೇಕಾದ್ದು ಆಲ್ಕಲೈನ್ ಫಾಸ್ಫಟೇಸ್ ಏರಿದೆಯೇ, ಆಲ್ಬುಮಿನ್ ಇಳಿದಿದೆಯೇ ಎಂದು. ಕಾಮಾಲೆ ತೋರಿಸುವ ಬಿಲಿರುಬಿನ್ ಎಷ್ಟೋ ಸಲ ಸರಿಯಾಗಿಯೇ ಇರುತ್ತದೆ. ಸೋನೋಗ್ರಫಿ ಹತ್ತರಲ್ಲಿ ಎಂಟೊಂಬತ್ತು ಗಡ್ಡೆಗಳನ್ನು ಹಿಡಿಯುತ್ತದೆ. ತಪ್ಪುವುದು ವಪೆಯ ಅಡಿಯಲ್ಲಿ ಅಡಗಿರುವವು, ಮತ್ತು ಇನ್ನೂ ಕರಗಿ ಕೀವಾಗದ ಮೊದಲ ದಿನಗಳವು. ಎರಡನೆಯವು ಗಟ್ಟಿ ಗಂಟಿನಂತೆ ಕಾಣುತ್ತವೆ, ರಿಪೋರ್ಟಿನಲ್ಲಿ 'ಗಡ್ಡೆ, ಕ್ಯಾನ್ಸರ್ ಇರಬಹುದು' ಎಂದು ಬರೆದು ಮನೆಯವರ ಎದೆ ಒಡೆಸುವುದೂ ಉಂಟು. ಜ್ವರವಿರುವ ಮನುಷ್ಯನಲ್ಲಿ ಎರಡು ಮೂರು ದಿನ ಬಿಟ್ಟು ಇನ್ನೊಮ್ಮೆ ನೋಡಿದರೆ ಅದೇ ಗಂಟು ನಡುವೆ ಕರಗಿರುತ್ತದೆ. ಸೋನೋಗ್ರಫಿಯಲ್ಲಿ ಸ್ಪಷ್ಟವಾಗಿ ಕಂಡರೆ ಸಿಟಿ ಸ್ಕ್ಯಾನಿಗೆ ಸಾಲ ಮಾಡಬೇಡಿ. ಅನುಮಾನ ಉಳಿದರೆ, ಗಡ್ಡೆ ಒಡೆದಿದೆ ಎನಿಸಿದರೆ, ಪಿತ್ತನಾಳ ಉಬ್ಬಿದ್ದರೆ ಸಿಟಿ ಬೇಕು. ಲಿವರ್ ಟಾನಿಕ್, ಆಲ್ಬುಮಿನ್ ಬಾಟಲಿ ಇವಕ್ಕೆ ಸುರಿಯುವ ದುಡ್ಡನ್ನು ಮೊಟ್ಟೆ, ಬೇಳೆ, ಮೀನಿಗೆ ಹಾಕಿ.

ಕಲ್ಚರ್ ವಿಷಯ ನಿಧಾನವಾಗಿ ಹೇಳಬೇಕು, ಇಲ್ಲಿ ಆಗುವ ತಪ್ಪಿಗೆ ಆಮೇಲೆ ಆರು ವಾರ ಬೆಲೆ ತೆರಬೇಕಾಗುತ್ತದೆ. ಆಂಟಿಬಯೋಟಿಕ್ ಶುರುವಾಗುವ ಮೊದಲು ಎರಡು ಕೈಗಳಿಂದ ಬೇರೆ ಬೇರೆಯಾಗಿ ರಕ್ತ ತೆಗೆದು, ಒಂದೊಂದು ಬಾಟಲಿಗೆ 8ರಿಂದ 10 ಮಿ.ಲೀ. ಹಾಕಬೇಕು. ಎರಡೇ ಮಿ.ಲೀ. ಹಾಕಿದ ಬಾಟಲಿಯಲ್ಲಿ ಏನೂ ಬೆಳೆಯದಿದ್ದರೆ ಅದಕ್ಕೆ ಅರ್ಥವಿಲ್ಲ. ಕೀವನ್ನು ಹತ್ತಿಯ ಕಡ್ಡಿಗೆ ಒರೆಸಿ ಕಳಿಸಬಾರದು. ಆಮ್ಲಜನಕ ಸೋಕಿದರೆ ಸಾಯುವ ಬ್ಯಾಕ್ಟೀರಿಯಾ ಅದರಲ್ಲಿ ಉಳಿಯುವುದಿಲ್ಲ. ಸಿರಿಂಜಿನಲ್ಲೇ ಐದಾರು ಮಿ.ಲೀ. ಬಿಟ್ಟು, ಗಾಳಿ ಹೊರದೂಡಿ, ಸೂಜಿ ತೆಗೆದು ಮುಚ್ಚಳ ಹಾಕಿ, ಫ್ರಿಜ್ಜಿಗೆ ಇಡದೆ, ಎರಡು ಗಂಟೆಯೊಳಗೆ ಲ್ಯಾಬ್ ಮುಟ್ಟಬೇಕು. ಸ್ವಲ್ಪ ಕೀವನ್ನು ಬ್ಲಡ್ ಕಲ್ಚರ್ ಬಾಟಲಿಗೂ ಹಾಕಿದರೆ ಇನ್ನೂ ಒಳ್ಳೆಯದು. ಕೀವಿಗೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುವ ಗ್ರಾಮ್ ಸ್ಟೇನ್ ಫಲಿತಾಂಶ ಅದೇ ದಿನ ಕೇಳಿ. ಮೂರು ದಿನದ ನಂತರ ಚೀಲದಿಂದ ತೆಗೆದ ಕೀವು ಕಲ್ಚರಿಗೆ ಬರುವುದಿಲ್ಲ, ಅದರಲ್ಲಿ ಬೆಳೆಯುವುದು ಪೈಪಿನ ಬ್ಯಾಕ್ಟೀರಿಯಾ.

ಕೀವಿನ ಬಣ್ಣವೂ ಹೇಳುತ್ತದೆ. ಹುರುಳಿ ಕಟ್ಟಿನ ಹಾಗೆ ಕಂದುಬಣ್ಣ, ವಾಸನೆಯಿಲ್ಲ ಎಂದರೆ ಅಮೀಬಾ ಕಡೆ ವಾಲುತ್ತದೆ. ಹಳದಿ, ಹಸಿರು, ಮೂಗು ಮುಚ್ಚುವ ನಾತ ಎಂದರೆ ಬ್ಯಾಕ್ಟೀರಿಯಾ. ಆದರೆ ಅಮೀಬಾದ ಗಡ್ಡೆಗೂ ಬ್ಯಾಕ್ಟೀರಿಯಾ ಸೇರಿಕೊಳ್ಳಬಹುದು, ಬಣ್ಣ ನೋಡಿ ಔಷಧಿ ನಿಲ್ಲಿಸಬಾರದು. ಅಮೀಬಾದ ಆಂಟಿಬಾಡಿ ಪರೀಕ್ಷೆ ನಮ್ಮಲ್ಲಿ ಹಳೆಯ ಸೋಂಕಿಗೂ ಪಾಸಿಟಿವ್ ತೋರಿಸುತ್ತದೆ. ನೆಗೆಟಿವ್ ಬಂದರೆ ಮಾತ್ರ ಅದರಿಂದ ಉಪಯೋಗ.

ಔಷಧಿ ಶುರುಮಾಡುವಾಗ ಅಮೀಬಾವೋ ಬ್ಯಾಕ್ಟೀರಿಯಾವೋ ಎಂದು ಗೊತ್ತಿರುವುದಿಲ್ಲ, ಆದ್ದರಿಂದ ಎರಡಕ್ಕೂ ಒಟ್ಟಿಗೆ ಕೊಡುತ್ತಾರೆ. ದೊಡ್ಡವರಿಗೆ ಸೆಫ್ಟ್ರಿಯಾಕ್ಸೋನ್ 2 ಗ್ರಾಂ ದಿನಕ್ಕೊಮ್ಮೆ ರಕ್ತನಾಳಕ್ಕೆ, ಜೊತೆಗೆ ಮೆಟ್ರೊನಿಡಝೋಲ್. ಅಮೀಬಾಗೆ ನಮ್ಮಲ್ಲಿ ಸಿಗುವ 400 ಮಿ.ಗ್ರಾಂ. ಗುಳಿಗೆ ಎರಡೆರಡರಂತೆ ದಿನಕ್ಕೆ ಮೂರು ಸಲ, 7ರಿಂದ 10 ದಿನ. ಬ್ಯಾಕ್ಟೀರಿಯಾಗೆ ಮಾತ್ರವಾದರೆ 8 ಗಂಟೆಗೊಮ್ಮೆ 500 ಮಿ.ಗ್ರಾಂ. ಸಾಕು. ಸೆಫ್ಟ್ರಿಯಾಕ್ಸೋನನ್ನು ಕ್ಯಾಲ್ಸಿಯಂ ಇರುವ ರಿಂಗರ್ ಲ್ಯಾಕ್ಟೇಟ್ ಜೊತೆ ಅದೇ ನಳಿಕೆಯಲ್ಲಿ ಬಿಡಬಾರದು, ಹರಳುಗಟ್ಟುತ್ತದೆ. ಬಿಪಿ ಬಿದ್ದಿದ್ದರೆ, ಮಾತು ತಡಬಡಿಸುತ್ತಿದ್ದರೆ, ಮೂತ್ರ ಕಡಿಮೆಯಾಗಿದ್ದರೆ, ಅಥವಾ ಈಚೆಗಷ್ಟೇ ಹಲವು ಆಂಟಿಬಯೋಟಿಕ್ ಆಗಿದ್ದರೆ ಸೆಫ್ಟ್ರಿಯಾಕ್ಸೋನ್ ನೆಚ್ಚಿಕೊಳ್ಳುವಂತಿಲ್ಲ. ನಮ್ಮ ದೇಶದ ಈ. ಕೋಲೈ, ಕ್ಲೆಬ್ಸಿಯೆಲ್ಲಾಗಳಲ್ಲಿ ಬಹಳಷ್ಟು ಅದಕ್ಕೆ ಬಗ್ಗುವುದಿಲ್ಲ. ಅಂಥವರು ಐಸಿಯು ಇರುವ ಆಸ್ಪತ್ರೆಗೇ ಹೋಗಬೇಕು, ಪಿಪರಾಸಿಲಿನ್-ಟಾಝೋಬ್ಯಾಕ್ಟಮ್ 4.5 ಗ್ರಾಂ 6 ಗಂಟೆಗೊಮ್ಮೆ ಅಥವಾ ಮೆರೊಪೆನೆಮ್ 1 ಗ್ರಾಂ 8 ಗಂಟೆಗೊಮ್ಮೆ, ಮೊದಲ ಡೋಸ್ ಒಂದು ಗಂಟೆಯೊಳಗೆ.

ಗೋವಾ ಮತ್ತು ಕರಾವಳಿಯವರು ಮೆಲಿಯಾಯ್ಡೋಸಿಸ್ ಎಂಬ ಹೆಸರನ್ನು ನೆನಪಿಡಬೇಕು. ಮಣ್ಣು, ಗದ್ದೆ ನೀರಿನಲ್ಲಿರುವ ಬರ್ಕ್‌ಹೋಲ್ಡೇರಿಯಾ ಎಂಬ ಬ್ಯಾಕ್ಟೀರಿಯಾದಿಂದ ಬರುವ ರೋಗ. ಮಳೆಗಾಲದಲ್ಲಿ, ಸಕ್ಕರೆ ಕಾಯಿಲೆಯವರಿಗೆ, ಕೆಸರಿನಲ್ಲಿ ಕೆಲಸ ಮಾಡುವವರಿಗೆ ಹೆಚ್ಚು. ಲಿವರ್‌ನಲ್ಲಿ ಜೇನುಗೂಡಿನ ಹಾಗೆ ಸಣ್ಣ ಸಣ್ಣ ಗಡ್ಡೆ, ಗುಲ್ಮದಲ್ಲೂ (ಸ್ಪ್ಲೀನ್) ಗಡ್ಡೆ ಕಂಡರೆ ಇದನ್ನು ಅನುಮಾನಿಸಿ. ಲ್ಯಾಬಿನಲ್ಲಿ ಇದನ್ನು 'ಸೂಡೊಮೊನಾಸ್' ಎಂಬ ಬೇರೆ ಬ್ಯಾಕ್ಟೀರಿಯಾ ಎಂದು ತಪ್ಪಾಗಿ ಹೆಸರಿಸಿಬಿಡುವುದುಂಟು. ಜೆಂಟಾಮೈಸಿನ್, ಕೊಲಿಸ್ಟಿನ್ ಎರಡಕ್ಕೂ ಬಗ್ಗದೆ ಅಮಾಕ್ಸಿಸಿಲಿನ್-ಕ್ಲಾವುಲನೇಟ್‌ಗೆ ಬಗ್ಗುವ 'ಸೂಡೊಮೊನಾಸ್' ಕಂಡರೆ ಲ್ಯಾಬಿಗೆ ಫೋನ್ ಮಾಡಿ ಕೇಳಿ. ಅದರ ಚಿಕಿತ್ಸೆಯೇ ಬೇರೆ: ಸೆಫ್ಟಾಝಿಡೈಮ್ ಅಥವಾ ಮೆರೊಪೆನೆಮ್ ಕೆಲವು ವಾರ, ನಂತರ ಕೋ-ಟ್ರೈಮಾಕ್ಸಝೋಲ್ ಕನಿಷ್ಠ ಮೂರು ತಿಂಗಳು. ಎರಡನೆಯದನ್ನು ಬಿಟ್ಟರೆ ರೋಗ ಮರಳುತ್ತದೆ.

ಕೀವು ತೆಗೆಯುವ ಅಳತೆ ಹೀಗಿದೆ. 3 ಸೆಂ.ಮೀ.ಗಿಂತ ಚಿಕ್ಕದಕ್ಕೆ ಸಾಮಾನ್ಯವಾಗಿ ಔಷಧಿ ಸಾಕು. 3ರಿಂದ 5 ಸೆಂ.ಮೀ. ಆದರೆ ಸೋನೋಗ್ರಫಿ ನೋಡುತ್ತಾ 18 ಗೇಜ್ ಸೂಜಿಯಿಂದ ಎಳೆಯುತ್ತಾರೆ, ಎರಡು ಮೂರು ಸಲ ಬೇಕಾಗಬಹುದು. 5 ದಾಟಿದರೆ ತುದಿ ಹಂದಿಬಾಲದಂತೆ ಸುರುಳಿಯಾಗುವ ಪಿಗ್‌ಟೇಲ್ ಪೈಪ್. ಅಮೀಬಾದ್ದು ಮಾತ್ರ ಎಂದು ಖಚಿತವಿದ್ದರೆ ದೊಡ್ಡದನ್ನೂ ಬರೀ ಗುಳಿಗೆಯಿಂದ ಕರಗಿಸಬಹುದು. ಆದರೆ 72 ಗಂಟೆಯಲ್ಲಿ ಜ್ವರ ಇಳಿಯದಿದ್ದರೆ, ಎಡಭಾಗದ ಗಡ್ಡೆಯಾದರೆ, ಅಂಚು ತೆಳ್ಳಗಾಗಿ ಒಡೆಯುವ ಹಾಗಿದ್ದರೆ ಕಾಯಬಾರದು. ಎಡಭಾಗದ್ದು ಹೃದಯದ ಹೊದಿಕೆಯೊಳಗೆ ಒಡೆಯುವ ಅಪಾಯವಿದೆ. ಪೈಪ್ ಹಾಕುವಾಗ ಗಡ್ಡೆಗೆ ನೇರವಾಗಿ ಚುಚ್ಚದೆ ಒಂದಿಷ್ಟು ಒಳ್ಳೆಯ ಲಿವರ್ ಮೂಲಕ ಹಾಯಿಸುತ್ತಾರೆ, ಇಲ್ಲದಿದ್ದರೆ ಕೀವು ಹೊಟ್ಟೆಯೊಳಗೆ ಸೋರುತ್ತದೆ. ಕುರಿ, ನಾಯಿಗಳ ಒಡನಾಟವಿರುವ ಮನೆಯವರಲ್ಲಿ ಹೈಡಾಟಿಡ್ ಚೀಲ (ನಾಯಿಯ ಲಾಡಿಹುಳುವಿನ ಮರಿಯಿಂದಾಗುವ ನೀರಿನ ಚೀಲ) ಅಲ್ಲವೆಂದು ನೋಡಿಕೊಂಡೇ ಸೂಜಿ ಹಾಕಬೇಕು, ಅದರ ನೀರು ಸೋರಿದರೆ ತೀವ್ರ ಅಲರ್ಜಿ ಆಗಬಹುದು.

ಹಿಂದೆ ಇದಕ್ಕೆಲ್ಲ ಹೊಟ್ಟೆ ಕೊಯ್ಯುವುದೊಂದೇ ದಾರಿಯಾಗಿತ್ತು. ಅಮೆರಿಕದ ಆಕ್ಸ್ನರ್ ಮತ್ತು ಡಿಬೇಕಿ 1938ರಲ್ಲಿ ಬರೆದದ್ದು ಆ ಕಾಲದ ಚಿತ್ರ, ಆಗ ಅಪೆಂಡಿಕ್ಸ್ ಒಡೆದೇ ಬಹಳ ಗಡ್ಡೆಗಳು ಆಗುತ್ತಿದ್ದವು. 1953ರಲ್ಲಿ ಹಾಂಗ್‌ಕಾಂಗ್‌ನ ಮ್ಯಾಕ್‌ಫ್ಯಾಡ್ಜಿಯನ್ ಮತ್ತು ಜೊತೆಗಾರರು ಬರೀ ಸೂಜಿ ಮತ್ತು ಆಂಟಿಬಯೋಟಿಕ್‌ನಿಂದ ವಾಸಿ ಮಾಡಬಹುದೆಂದು ತೋರಿಸಿದರು. ಸ್ಕ್ಯಾನ್ ಯಂತ್ರಗಳು ಬರುವವರೆಗೆ ಆ ಮಾತು ಹೆಚ್ಚು ಹರಡಲಿಲ್ಲ. ಇಂದು ಆಪರೇಷನ್ ಬೇಕಾಗುವುದು ಗಡ್ಡೆ ಹೊಟ್ಟೆಯೊಳಗೆ ಒಡೆದಾಗ, ಅಥವಾ ಪೈಪಿಗೆ ಜಗ್ಗದೆ ಇದ್ದಾಗ.

ಇನ್ನು ಮನೆಯಲ್ಲಿನ ಪೈಪ್. ಪತ್ರಾಸಿನ ಶೆಡ್ಡಿನಲ್ಲಿ, ಒಂದೇ ಕೋಣೆಯಲ್ಲಿ ಐದು ಜನ ಮಲಗುವ ಕಡೆ ಇದನ್ನು ಕಾಯುವುದು ಸುಲಭವಲ್ಲ, ಹಾಗಾಗಿ ಮನೆಯ ಒಬ್ಬರಿಗೆ ಕೈಹಿಡಿದು ಕಲಿಸಿ. ಡಿಸ್ಚಾರ್ಜ್ ದಿನವೇ ಪೈಪ್ ಚರ್ಮದಿಂದ ಹೊರಬರುವ ಜಾಗದಲ್ಲಿ ಪೆನ್ನಿನಿಂದ ಗೆರೆ ಎಳೆದು, ಹೊರಗಿನ ಉದ್ದ ಬರೆದಿಡಿ. ಪೈಪನ್ನು ಹೊಟ್ಟೆಗೆ ಒಂದು ಸುತ್ತು ಸಡಿಲವಾಗಿ ಬಿಟ್ಟು ಪಟ್ಟಿ ಅಂಟಿಸಿ, ಚೀಲ ಎಳೆದರೆ ಹೊಲಿಗೆ ಕೀಳದೆ ಈ ಸುತ್ತು ಎಳೆಯಲಿ. ತೊಳೆಯುವುದು ಆಸ್ಪತ್ರೆ ಹೇಳಿದಷ್ಟು, ಸಾಮಾನ್ಯವಾಗಿ ದಿನಕ್ಕೆ ಒಂದೆರಡು ಸಲ, 5ರಿಂದ 10 ಮಿ.ಲೀ. ತೆರೆದ ಸಲೈನ್ ಬಾಟಲಿಯನ್ನು ಮರುದಿನ ಬಳಸಬೇಡಿ, 10 ಮಿ.ಲೀ.ಯ ಸಣ್ಣ ಪ್ಲಾಸ್ಟಿಕ್ ಆಂಪೂಲ್ ಅಗ್ಗ ಮತ್ತು ಸುರಕ್ಷಿತ. ಪ್ರತಿದಿನ ಬೆಳಗ್ಗೆ ಒಂದೇ ಹೊತ್ತಿಗೆ ಚೀಲ ಅಳೆದು, ಒಳಗೆ ಬಿಟ್ಟ ಸಲೈನ್ ಕಳೆದು ಬರೆಯಬೇಕು. ಈ ಕಳೆಯುವ ಲೆಕ್ಕ ಮರೆತರೆ ಬರೀ 20 ಮಿ.ಲೀ. ಸಲೈನನ್ನೇ ಕೀವೆಂದು ಎಣಿಸಿ ಪೈಪನ್ನು ವಾರಗಟ್ಟಲೆ ಇಟ್ಟುಬಿಡುತ್ತಾರೆ. ಬರುವುದು ಹಳದಿ-ಹಸಿರು ನೀರಾಗಿ, ದಿನಕ್ಕೆ ನೂರಾರು ಮಿ.ಲೀ. ಆದರೆ ಅದು ಪಿತ್ತ, ಪಿತ್ತನಾಳಕ್ಕೆ ತೂತಿದೆ ಎಂದರ್ಥ, ಎಂಡೋಸ್ಕೋಪಿಯಿಂದ ಸ್ಟೆಂಟ್ ಹಾಕಬೇಕಾಗಬಹುದು. ಕೆಂಪು ರಕ್ತ ಬಂದರೆ ನೇರ ಕ್ಯಾಜುವಾಲ್ಟಿಗೆ.

ಪೈಪ್ ತೆಗೆಯುವುದು ಮೂರು ಮಾತು ಕೂಡಿಬಂದಾಗ: ಎರಡು ಮೂರು ದಿನ ಸತತವಾಗಿ 10 ಮಿ.ಲೀ.ಗಿಂತ ಕಡಿಮೆ, ಜ್ವರವಿಲ್ಲ, ಸೋನೋಗ್ರಫಿಯಲ್ಲಿ ಗಡ್ಡೆ ಕುಗ್ಗಿದೆ. ತೆಗೆಯುವವರಿಗೆ ಇದು ಪಿಗ್‌ಟೇಲ್ ಎಂದು ಹೇಳಿಯೇ ತೆಗೆಸಿ. ಬಹಳಷ್ಟು ಪಿಗ್‌ಟೇಲ್‌ಗಳ ಒಳಗೆ ಸುರುಳಿಯನ್ನು ಬಿಗಿಹಿಡಿದ ದಾರವಿರುತ್ತದೆ. ಅದನ್ನು ಸಡಿಲಿಸದೆ ಎಳೆದರೆ ಸುರುಳಿ ಬಿಗಿದೇ ಲಿವರನ್ನು ಹರಿದುಕೊಂಡು ಬರುತ್ತದೆ.

ಒಟ್ಟು ಔಷಧಿ ನಾಲ್ಕರಿಂದ ಆರು ವಾರ. ಮೊದಲ ಎರಡು ವಾರದ ಆಸುಪಾಸು ಇಂಜೆಕ್ಷನ್, ಜ್ವರ ಬಿಟ್ಟು ಕೀವು ಖಾಲಿಯಾದ ಮೇಲೆ ಕಲ್ಚರ್ ಹೇಳುವ ಗುಳಿಗೆ. 2020ರಲ್ಲಿ ಪ್ರಕಟವಾದ ಸಿಂಗಪುರದ ಅಧ್ಯಯನದಲ್ಲಿ ಕ್ಲೆಬ್ಸಿಯೆಲ್ಲಾ ಗಡ್ಡೆಗೆ ಬೇಗನೆ ಗುಳಿಗೆಗೆ ಬದಲಿಸಿದರೂ ಇಂಜೆಕ್ಷನ್‌ನಷ್ಟೇ ಫಲ ಸಿಕ್ಕಿತು. ಕೂಲಿ ಕೆಲಸದವರಿಗೆ ಇದು ದೊಡ್ಡ ಸಮಾಧಾನದ ಸುದ್ದಿ. ಆದರೆ ಅಲ್ಲಿ ಬಳಸಿದ ಸಿಪ್ರೊಫ್ಲಾಕ್ಸಸಿನ್‌ಗೆ ನಮ್ಮ ಬ್ಯಾಕ್ಟೀರಿಯಾ ಎಷ್ಟೋ ಸಲ ಬಗ್ಗುವುದಿಲ್ಲ, ಕಲ್ಚರ್ ಇಲ್ಲದೆ ಅದನ್ನು ಅನುಕರಿಸಲಾಗದು. ಸಿಪ್ರೊಫ್ಲಾಕ್ಸಸಿನ್ ಕೊಟ್ಟರೆ ಹಾಲು, ಆಂಟಾಸಿಡ್, ಕಬ್ಬಿಣದ ಗುಳಿಗೆಗಳಿಗಿಂತ ಎರಡು ಗಂಟೆ ಮೊದಲು ಅಥವಾ ಆರು ಗಂಟೆ ನಂತರ ಅದನ್ನು ತೆಗೆದುಕೊಳ್ಳಲಿ. ಡಿಸ್ಚಾರ್ಜ್ ಚೀಟಿಯಲ್ಲಿ ಐದು ದಿನದ ಸೆಫಿಕ್ಸಿಮ್ ಮಾತ್ರ ಇದ್ದರೆ ಮರಳಿ ಹೋಗಿ ಕೇಳಲೇಬೇಕು, ಅದು ಸಾಲುವುದಿಲ್ಲ. ಬಾಯಿಯ ಔಷಧಿ ಯಾವುದೂ ಹಿಡಿಯದ ಬ್ಯಾಕ್ಟೀರಿಯಾ ಆದರೆ ದಿನಕ್ಕೊಮ್ಮೆ ಎರ್ಟಾಪೆನೆಮ್ 1 ಗ್ರಾಂ ಇದೆ. ಚಿಕಾಲಿಂ ಆಸ್ಪತ್ರೆಯಂಥ ಹತ್ತಿರದ ಕಡೆ ದಿನವೂ ಹಾಕಿಸಿಕೊಂಡು ಬರಲು ಸಾಧ್ಯವೇ ಎಂದು ವಿಚಾರಿಸಿ. ಅಮೀಬಾ ಆಗಿದ್ದರೆ ಮೆಟ್ರೊನಿಡಝೋಲ್ ಮುಗಿದ ಮೇಲೆ ಕರುಳಿನಲ್ಲಿ ಉಳಿದವನ್ನು ಕೊಲ್ಲಲು ಡೈಲಾಕ್ಸನೈಡ್ ಫ್ಯೂರೋಯೇಟ್ 500 ಮಿ.ಗ್ರಾಂ. ದಿನಕ್ಕೆ ಮೂರು ಸಲ, 10 ದಿನ. ಬರೆಯಲು ಮರೆಯುವ ಗುಳಿಗೆ ಇದೇ.

ಮೆಟ್ರೊನಿಡಝೋಲ್ ಬಾಯನ್ನು ಕಬ್ಬಿಣ ನೆಕ್ಕಿದ ಹಾಗೆ ಮಾಡುತ್ತದೆ, ಊಟ ರುಚಿಸದೆ ಬಿಟ್ಟುಬಿಡುತ್ತಾರೆ. ಇನ್ನು ಕೆಲವರು ಸಂಜೆ ಕುಡಿಯಬೇಕೆಂದು ಗುಳಿಗೆ ತಪ್ಪಿಸುತ್ತಾರೆ, ಏಕೆಂದರೆ ಎರಡೂ ಸೇರಿದರೆ ವಾಂತಿ, ಎದೆಬಡಿತ ಬರಬಹುದೆಂದು ಅವರಿಗೆ ಗೊತ್ತು. ಬೈಯಬೇಡಿ, ನೇರವಾಗಿ ಕೇಳಿ. ಗುಳಿಗೆ ನಡೆಯುವಷ್ಟು ದಿನ ಮತ್ತು ಆಮೇಲೆ ಮೂರು ದಿನ ಫೆನಿ ಬೇಡ ಎಂದು ದಿನದ ಲೆಕ್ಕ ಕೊಟ್ಟರೆ ಒಪ್ಪುತ್ತಾರೆ. ನಾಲ್ಕು ವಾರ ಮೀರಿ ಕೊಟ್ಟರೆ ಪಾದ ಜೋಮು ಹಿಡಿಯಬಹುದು, ಆಗ ವೈದ್ಯರಿಗೆ ಹೇಳಬೇಕು.

ಸಕ್ಕರೆಯಿದ್ದು ಕ್ಲೆಬ್ಸಿಯೆಲ್ಲಾ ಬೆಳೆದಿದ್ದರೆ ದಿನವೂ ಒಂದು ಪ್ರಶ್ನೆ ಕೇಳಿ: ಕಣ್ಣು ಮಂಜಾಗಿದೆಯೇ, ಕೆಂಪಾಗಿ ನೋಯುತ್ತಿದೆಯೇ? ಒಂದೊಂದು ಕಣ್ಣು ಮುಚ್ಚಿಸಿ ಕ್ಯಾಲೆಂಡರ್ ಓದಿಸಿ. ಈ ಬ್ಯಾಕ್ಟೀರಿಯಾದ ಕೆಲವು ತಳಿಗಳು ರಕ್ತದಲ್ಲಿ ಹರಿದು ಕಣ್ಣಿನೊಳಗೆ, ಮೆದುಳಿನ ಹೊದಿಕೆಗೆ ಹೋಗುತ್ತವೆ. ಕಣ್ಣಿನದು ಗಂಟೆಗಳ ಲೆಕ್ಕ, ನಾಳೆಗೆಂದರೆ ದೃಷ್ಟಿ ಹೋಗುತ್ತದೆ. ಪಿತ್ತಕಲ್ಲು ಕಂಡಿದ್ದರೆ ಅದರ ಚಿಕಿತ್ಸೆ ಆಗಬೇಕು. 50 ದಾಟಿದವರಲ್ಲಿ ಯಾವ ಮೂಲವೂ ಸಿಗದಿದ್ದರೆ ದೊಡ್ಡ ಕರುಳಿನ ಕ್ಯಾನ್ಸರ್ ಇಲ್ಲವೆಂದು ನೋಡಿಸಬೇಕು.

ವಾಸಿಯಾದ ಮೇಲೂ ಸೋನೋಗ್ರಫಿಯಲ್ಲಿ ಖಾಲಿ ಗೂಡು ತಿಂಗಳುಗಟ್ಟಲೆ ಕಾಣುತ್ತದೆ. ಜ್ವರವಿಲ್ಲ, ತೂಕ ಏರುತ್ತಿದೆ, ರಕ್ತದಲ್ಲಿ ಉರಿಯೂತ ತೋರಿಸುವ ಸಿಆರ್‌ಪಿ ಇಳಿದಿದೆ ಎಂದಾದರೆ ಆ ಗೂಡಿಗೆ ಮತ್ತೆ ಔಷಧಿ ಬೇಡ.

ಹಣದ ಮಾತು. ಐದು ವರ್ಷದಿಂದ ಗೋವಾದಲ್ಲಿ ವಾಸವಿರುವವರಿಗೆ ದೀನ್ ದಯಾಳ್ ಸ್ವಾಸ್ಥ್ಯ ಸೇವಾ ಯೋಜನೆಯ ಕಾರ್ಡ್ ಸಿಗುತ್ತದೆ. ಕರ್ನಾಟಕದಲ್ಲಿ ಆಯುಷ್ಮಾನ್ ಭಾರತ್ ಕಾರ್ಡ್ ಮಾಡಿಸಿದವರು ಅದು ಬೇರೆ ರಾಜ್ಯದಲ್ಲೂ ನಡೆಯುತ್ತದೆಯೇ ಎಂದು ಬಾಂಬೋಳಿಯ ಗೋವಾ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲೋ (ಜಿಎಂಸಿ) ಮಡಗಾಂವ್‌ನ ಜಿಲ್ಲಾ ಆಸ್ಪತ್ರೆಯಲ್ಲೋ ಭರ್ತಿಯಾಗುವಾಗಲೇ ಕೇಳಿಸಬೇಕು. ಡಿಸ್ಚಾರ್ಜ್ ದಿನ ಕೇಳಿದರೆ ತಡ. ಗುಳಿಗೆಗಳನ್ನು ಜನೌಷಧಿ ಕೇಂದ್ರದಲ್ಲಿ ಮೊದಲು ವಿಚಾರಿಸಿ.

ಕೊನೆಗೆ ಊರಿಗೆ ಹೋಗುವುದು. ಈಗಂತೂ ಬೇಡ, ಪೈಪ್ ಕಟ್ಟಿರುವ ಮನುಷ್ಯ ವಾಸ್ಕೋದಿಂದ ಹುಬ್ಬಳ್ಳಿಗೆ ರೈಲಿನ ಜನರಲ್ ಡಬ್ಬಿಯಲ್ಲಿ ಕೂರಬಾರದು. ಪೈಪ್ ತೆಗೆದು, ಎರಡು ಮೂರು ದಿನ ಜ್ವರವಿಲ್ಲದೆ ಕಳೆದ ಮೇಲೆ ಹೋಗಲಿ. ಮನೆಯಲ್ಲಿ ನೋಡಿಕೊಳ್ಳುವವರು ಅಲ್ಲೇ ಇದ್ದಾರೆಂದರೆ ಹೋಗುವುದೇ ಒಳ್ಳೆಯದೂ ಆಗಬಹುದು. ಅವರ ಕಾಗದದ ಪ್ಲಾಸ್ಟಿಕ್ ಕವರಿನಲ್ಲಿ ಇವಿಷ್ಟು ಇರಲಿ: ಡಿಸ್ಚಾರ್ಜ್ ಚೀಟಿ, ಪೈಪ್ ಹಾಕಿದ ಮತ್ತು ತೆಗೆದ ತಾರೀಕು, ಕೊನೆಯ ಸೋನೋಗ್ರಫಿಯ ಅಳತೆ, ಔಷಧಿ ಯಾವ ತಾರೀಕಿಗೆ ಮುಗಿಯುತ್ತದೆ ಎಂದು ಕನ್ನಡದಲ್ಲಿ ಬರೆದ ಒಂದು ಸಾಲು, ಅಷ್ಟೂ ದಿನಕ್ಕೆ ಸಾಲುವ ಗುಳಿಗೆ. ಕಲ್ಚರ್ ರಿಪೋರ್ಟ್ ಎಷ್ಟೋ ಸಲ ರೋಗಿ ಮನೆಗೆ ಹೋದ ಮೇಲೆ ಬರುತ್ತದೆ, ಲ್ಯಾಬಿನಲ್ಲೇ ಉಳಿದುಬಿಡುತ್ತದೆ. ಅದನ್ನು ನೀವೇ ಹೋಗಿ ತಂದು, ಫೋಟೋ ತೆಗೆದು ಅವರ ಮೊಬೈಲಿಗೂ ಮನೆಯವರ ಮೊಬೈಲಿಗೂ ಕಳಿಸಿ. ಜ್ವರ ಮರಳಿದರೆ ಊರಿನ ಸಣ್ಣ ದವಾಖಾನೆಯಲ್ಲಿ ಸಲೈನ್ ಹಚ್ಚಿಸದೆ ನೇರ ಕೊಪ್ಪಳದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗೋ ಹುಬ್ಬಳ್ಳಿಯ ಕೆಎಂಸಿ-ಆರ್‌ಐ (ಹಿಂದಿನ ಕಿಮ್ಸ್) ಸರ್ಕಾರಿ ಆಸ್ಪತ್ರೆಗೋ ಆ ಕವರ್ ಹಿಡಿದು ಹೋಗಬೇಕೆಂದು ಅವರ ಹೆಂಡತಿಗೂ ಹೇಳಿ ಕಳಿಸಿ.